ಬಿಳಿ ಬಟ್ಟೆ ಕಟ್ಟಿದ ಡಬ್ಬಿ

ಹನಿಯಣ್ಣನಿಗೆ ಆ ಹೆಸರು ಇಟ್ಟವರು ಯಾರೆಂದು ಹೋಟೆಲಿನಲ್ಲಿ ಈಗ ಯಾರಿಗೂ ನೆನಪಿಲ್ಲ. ಅವನು ಬಾರಿನ ಕಟ್ಟೆಯ ಹಿಂದೆ ನಿಲ್ಲತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಬೇರೆಯವರು ನಿಂಬೆಹಣ್ಣನ್ನು ಗ್ಲಾಸಿನ ಮೇಲೆ ಹಿಂಡಿಬಿಟ್ಟರೆ, ಅವನು ರಸವನ್ನು ಬಟ್ಟಲಿಗೆ ತೆಗೆದುಕೊಂಡು ಹನಿ ಎಣಿಸಿ ಬಿಡುತ್ತಿದ್ದ.

"ಒಂದು ಹನಿ ಜಾಸ್ತಿ ಬಿದ್ರೆ ಪ್ರಪಂಚ ಮುಳುಗುತ್ತಾ?" ಎಂದು ಅಡುಗೆಭಟ್ಟ ರೇಗಿಸುತ್ತಿದ್ದ.

"ಪ್ರಪಂಚ ಮುಳುಗಲ್ಲ, ಗ್ಲಾಸು ಮುಳುಗುತ್ತೆ" ಎಂದು ಹನಿಯಣ್ಣ ತಲೆ ಎತ್ತದೆ ಹೇಳುತ್ತಿದ್ದ. ದಿನಕ್ಕೆ ಅವನ ಬಾಯಿಂದ ಬರುವ ಮಾತು ಹೆಚ್ಚುಕಡಿಮೆ ಅಷ್ಟೇ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಗ್ಲಾಸು ತೊಳೆಯಲು ಸೇರಿದವನು. ಆಗ ಕಟ್ಟೆಯ ಹಿಂದೆ ಇದ್ದ ಮುದುಕ ಉಸ್ತಾದ ಅವನಿಗೆ ಮೊದಲು ಕಲಿಸಿದ್ದು ಸುರಿಯುವುದನ್ನಲ್ಲ, ಮೂಸುವುದನ್ನು. ಕಣ್ಣಿಗೆ ಬಟ್ಟೆ ಕಟ್ಟಿ ಬಿರಡೆಗಳನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದ. "ನಾಲಿಗೆ ಸುಳ್ಳು ಹೇಳುತ್ತೆ ಕಣೋ, ಹೊಟ್ಟೆ ಹಸಿದಿದ್ರೆ ಎಲ್ಲಾನೂ ಚೆನ್ನಾಗಿದೆ ಅನ್ನುತ್ತೆ. ಮೂಗು ಸುಳ್ಳು ಹೇಳಲ್ಲ." ಮೂರು ವರ್ಷದಲ್ಲಿ ಹನಿಯಣ್ಣನ ಮೂಗು ಉಸ್ತಾದನ ಮೂಗನ್ನೇ ಮೀರಿಸಿತು. ಅನಾನಸ್ ಹಣ್ಣಿನ ಬುಡವನ್ನು ಒಮ್ಮೆ ಮೂಸಿ, ಇವತ್ತು ಕೊಯ್ಯಬೇಕೋ ನಾಳೆಗೆ ಬಿಡಬೇಕೋ ಹೇಳುತ್ತಿದ್ದ. ಅಡುಗೆಮನೆಯಲ್ಲಿ ಯಾವ ಡಬ್ಬಿಯ ಬಗ್ಗೆ ಜಗಳ ಬಂದರೂ ಕೊನೆಗೆ ಅದು ಬಾರಿನ ಕಟ್ಟೆಗೇ ಬರುತ್ತಿತ್ತು.

ಆ ಮೂಗು ಒಂದು ವಾರದ ಜ್ವರದಲ್ಲಿ ಹೋಯಿತು.

ಹೋದದ್ದು ಅವನಿಗಿಂತ ಮೊದಲು ಹೆಂಡತಿಗೆ ಗೊತ್ತಾಯಿತು. ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅವಳ ಹೊಲಿಗೆ ಮಿಷನ್ನು, ಇನ್ನೊಂದರಲ್ಲಿ ಒಲೆ ಮತ್ತು ಮಂಚ. ಜ್ವರ ಬಿಟ್ಟ ಮೂರನೇ ದಿನ ಅವನು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ. ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ ಓಡಿಬಂದಳು.

"ರೀ, ಹಾಲು ಸೀದು ಕರಕಲಾಗ್ತಿದೆ! ಪಕ್ಕದಲ್ಲೇ ಕಲ್ಲುಗುಂಡಿನ ಹಾಗೆ ಕೂತಿದ್ದೀರಲ್ಲ!"

"ಗೊತ್ತಾಗ್ಲಿಲ್ಲ ಕಣೆ."

"ಕೆಳಗೆ ಪಂಚರ್ ಹಾಕೋರಿಗೆ ಗೊತ್ತಾಗಿದೆ, ನಿಮಗೆ ಗೊತ್ತಾಗ್ಲಿಲ್ವಾ?"

ಅವಳು ಬೆಳ್ಳುಳ್ಳಿ ಜಜ್ಜಿ ಹಿಡಿದಳು. ಫಿನಾಯಿಲ್ ಬಾಟಲಿ ಹಿಡಿದಳು. ಸೀಮೆಎಣ್ಣೆ ಅದ್ದಿದ ಚಿಂದಿ ಹಿಡಿದಳು. ಅವನು ಪ್ರತಿಯೊಂದಕ್ಕೂ ಉಸಿರೆಳೆದು, ಖಾಲಿ ಕೊಡದೊಳಗೆ ಕೈಹಾಕಿದವನ ಹಾಗೆ ನೋಡಿದ. ಡಾಕ್ಟರು, "ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು, ಕಾಯಬೇಕು" ಎಂದರು. ತಿಂಗಳು ಒಂದಾಯಿತು, ಎರಡಾಯಿತು. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ ಮಾತ್ರ ತಿಳಿಯುತ್ತಿತ್ತು. ಉಳಿದದ್ದೆಲ್ಲ ಬಿಸಿ ಇಲ್ಲವೇ ತಣ್ಣಗೆ.

"ಮ್ಯಾನೇಜರಿಗೆ ಹೇಳಿಬಿಡಿ" ಎಂದಳು ಹೆಂಡತಿ.

"ಗಂಟಲು ಹೋದ ಹಾಡುಗಾರನ್ನ ಯಾರಾದ್ರೂ ಇಟ್ಕೊಳ್ತಾರಾ?"

"ನೀವು ಹಾಡುಗಾರ ಅಲ್ಲ, ಗ್ಲಾಸಿಗೆ ಸುರಿಯೋರು. ದೊಡ್ಡ ದೊಡ್ಡ ಮಾತು ಬೇಡ."

"ನೀನೇ ದಿನಾ ಒಂದು ಸಣ್ಣ ಸೀಸೆ ಮೂಸಿ ಹೇಳಿಬಿಡು. ಮನೆಗೆ ತರ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳು ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ಕಾಯಿಲೆಗೆ ಬೇಕಾದ್ರೆ ಹಗಲುರಾತ್ರಿ ಸೇವೆ ಮಾಡ್ತೀನಿ. ಸುಳ್ಳಿಗೆ ಮಾತ್ರ ನನ್ನ ಮೂಗು ಬಾಡಿಗೆಗೆ ಇಲ್ಲ."

ಆಮೇಲೆ ಅವನು ಮುಖಗಳನ್ನು ಓದುವುದನ್ನು ಕಲಿತ. ಗ್ಲಾಸು ಎತ್ತಿದವರ ಹುಬ್ಬು ಏಳುತ್ತದೆಯೋ, ಮೂಗಿನ ಹೊಳ್ಳೆ ಅರಳುತ್ತದೆಯೋ, ಎರಡನೇ ಗುಟುಕು ಎಷ್ಟು ಬೇಗ ಬರುತ್ತದೆ ಎಂದು ನೋಡುತ್ತಿದ್ದ. ಹಳೆಯ ಅಳತೆಗಳು ಕೈಗೆ ಗೊತ್ತಿದ್ದವು. ಯಾರಾದರೂ ಏನಾದರೂ ಮೂಗಿಗೆ ಹಿಡಿದರೆ ಮೊದಲಿನ ಹಾಗೆಯೇ ಕಣ್ಣು ಮುಚ್ಚಿ, ಉಸಿರೆಳೆದು, ಒಂದು ಗಳಿಗೆ ಬಿಟ್ಟು ತಲೆಯಾಡಿಸುತ್ತಿದ್ದ. ಪ್ರತಿಸಲ ಕಿವಿ ಬಿಸಿಯಾಗುತ್ತಿತ್ತು. ಆದರೆ ಕಿವಿಯನ್ನು ಯಾರು ನೋಡುತ್ತಾರೆ?

ಹೀಗಿರುವಾಗ ಹೋಟೆಲಿಗೆ ಐವತ್ತು ವರ್ಷ ತುಂಬುವ ದಿನ ಹತ್ತಿರ ಬಂತು.

ಆ ಹೋಟೆಲಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗುತ್ತಿದ್ದದ್ದು ಅಲ್ಲಿನ ಪಿನಾ ಕೊಲಾಡಾ. ಬಿಳಿ ರಮ್ಮು, ಅನಾನಸ್ ರಸ, ತೆಂಗಿನ ಗಟ್ಟಿ ಹಾಲು, ಐಸು. ಎಲ್ಲವನ್ನೂ ಮಿಕ್ಸಿಗೆ ಹಾಕಿ ರುಬ್ಬಿ, ಹೊಟ್ಟೆ ದಪ್ಪಗಿರುವ ಗ್ಲಾಸಿಗೆ ಸುರಿದು, ಮೇಲೆ ಒಂದು ಹಣ್ಣಿನ ಹೋಳು, ಒಂದು ಕಾಗದದ ಛತ್ರಿ. ಮ್ಯಾನೇಜರ್ ಒಂದು ಮಧ್ಯಾಹ್ನ, ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲಾಗಿ ಕೂತಿದ್ದ ಹೊತ್ತಿನಲ್ಲಿ, ಕಟ್ಟೆಗೆ ಬಂದು ನಿಂತ.

"ಹನಿಯಣ್ಣ, ಐವತ್ತು ವರ್ಷದಿಂದ ಅದೇ ಸುಣ್ಣದ ನೀರಿನ ಹಾಗಿರೋ ಗ್ಲಾಸು. ಈ ಸಲ ಯಜಮಾನಮ್ಮನ ಮುಂದೆ ಬೇರೆ ಥರ ಇಡೋಣ. ನೋಡಿದ್ರೆ ನೀರು, ಕುಡಿದ್ರೆ ಅದೇ ಪಿನಾ ಕೊಲಾಡಾ. ಆಗುತ್ತಾ?"

ಆಗುವುದಿಲ್ಲ ಎನ್ನಲು ಅದೇ ಸರಿಯಾದ ಸಮಯವಾಗಿತ್ತು. "ಆಗುತ್ತೆ ಸಾರ್" ಎಂದ ಹನಿಯಣ್ಣ.

ಮಾಡುವ ಬಗೆ ಅವನಿಗೆ ತಿಳಿದಿತ್ತು. ತೆಂಗಿನ ಹಾಲು ಹಾಕಿದರೆ ಬಣ್ಣ ಬಿಳಿಯಾಗಿಯೇ ಇರುತ್ತದೆ. ಅದಕ್ಕೆ ಬದಲು ಕೊಬ್ಬರಿ ಎಣ್ಣೆಯನ್ನು ಕರಗಿಸಿ ರಮ್ಮಿಗೆ ಸುರಿದು ಚೆನ್ನಾಗಿ ಕುಲುಕಬೇಕು. ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಫ್ರೀಜರಿನಲ್ಲಿ ಇಡಬೇಕು. ಬೆಳಗಾಗುವಷ್ಟರಲ್ಲಿ ಎಣ್ಣೆ ಮೇಲೆ ಬಂದು ಬಿಳಿ ತಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೊಂದು ತೂತು ಮಾಡಿ ಕೆಳಗಿನ ರಮ್ಮನ್ನು ಬಸಿದರೆ, ಎಣ್ಣೆ ಅಲ್ಲೇ ಉಳಿದು ಪರಿಮಳ ಮಾತ್ರ ರಮ್ಮಿನ ಜೊತೆ ಬರುತ್ತದೆ. ಆ ರಮ್ಮಿಗೆ ಅನಾನಸ್ ರಸ, ನಿಂಬೆ, ಸಕ್ಕರೆ ಬೆರೆಸಿ, ಅದನ್ನು ನಿಧಾನವಾಗಿ ಹಾಲಿಗೆ ಸುರಿಯಬೇಕು. ಹಾಲನ್ನು ಇದಕ್ಕೆ ಸುರಿದರೆ ಕೆಟ್ಟಿತು. ಹಾಲು ಒಡೆದು, ರಸದಲ್ಲಿದ್ದ ಮಡ್ಡಿಯನ್ನೆಲ್ಲ ತಬ್ಬಿಕೊಂಡು ತಳಕ್ಕೆ ಕೂರುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸುವುದು. ಮೊದಲು ಇಳಿದದ್ದು ಕದಡಿರುತ್ತದೆ, ಅದನ್ನು ಬಟ್ಟೆಯಲ್ಲಿ ಉಳಿದ ಒಡೆದ ಹಾಲಿನ ಗಷ್ಟಿನ ಮೇಲೆ ಮತ್ತೆ ಸುರಿಯಬೇಕು. ಎರಡನೇ ಸಲ ಹನಿ ಹನಿಯಾಗಿ ಇಳಿಯುತ್ತದೆ. ಹಿಂಡಬಾರದು, ಅವಸರ ಮಾಡಬಾರದು. ಹನಿಯಣ್ಣನಿಗೆಂದೇ ಹುಟ್ಟಿದ ಕೆಲಸ ಅದು.

ಮೂರು ಸಲ ಸ್ವಲ್ಪ ಸ್ವಲ್ಪ ಮಾಡಿ ನೋಡಿದ. ಮೊದಲನೆಯದಕ್ಕೆ ಮ್ಯಾನೇಜರನ ಹುಬ್ಬು ಗಂಟಾಯಿತು, ಸಕ್ಕರೆ ಇಳಿಸಿದ. ಎರಡನೆಯದಕ್ಕೆ ಹುಬ್ಬು ಸುಮ್ಮನಿತ್ತು. ಮೂರನೆಯದಕ್ಕೆ ಎರಡೂ ಹುಬ್ಬು ಮೇಲೆ ಹೋದವು, ಎರಡನೇ ಗುಟುಕು ತಾನಾಗಿ ಬಂತು.

"ಏನು ಪರಿಮಳ ಹನಿಯಣ್ಣ! ಈ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ಬೇಕು."

ಹನಿಯಣ್ಣ ನಕ್ಕ. ನಕ್ಕದ್ದು ತನಗೇ ಕೇಳಿಸದಷ್ಟು ಮೆತ್ತಗೆ.

ಸಮಾರಂಭ ಶನಿವಾರ, ಅರವತ್ತು ಜನಕ್ಕೆ. ಮಂಗಳವಾರ ಬೆಳಿಗ್ಗೆ ಎಣ್ಣೆಗಾಗಿ ಅವನು ಉಗ್ರಾಣಕ್ಕೆ ಹೋದ.

ಉಗ್ರಾಣ ಇದ್ದದ್ದು ಮೆಟ್ಟಿಲ ಕೆಳಗೆ. ಎತ್ತರದಲ್ಲೊಂದು ಕಂಬಿ ಕಿಟಕಿ, ಒಂದು ಬಲ್ಬು, ಗೋಡೆ ತುಂಬ ಹಲಗೆ. ಅದನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಸ್ಟೋರಕ್ಕ ಎನ್ನುತ್ತಿದ್ದರು. ಬೀಗದ ಕೈಗಳ ಗೊಂಚಲು ಸದಾ ಅವಳ ಸೊಂಟದಲ್ಲಿ. ಅವಳು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ವಯಸ್ಸಿನಲ್ಲಿ ಹನಿಯಣ್ಣನಿಗಿಂತ ಒಂದು ವರ್ಷ ದೊಡ್ಡವಳಾದರೂ ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. "ನಿಮ್ಮಿಬ್ಬರಲ್ಲಿ ದೊಡ್ಡೋರು ಯಾರು?" ಎಂದು ಯಾರಾದರೂ ಕೇಳಿದರೆ, "ಅಣ್ಣ ಅನ್ನೋದಕ್ಕೆ ವಯಸ್ಸು ಯಾಕೆ, ನಂಬಿಕೆ ಸಾಕು" ಎನ್ನುತ್ತಿದ್ದಳು.

ಆ ಉಗ್ರಾಣದಲ್ಲಿ ಅವಳದೇ ಒಂದು ಕಟ್ಟಳೆ ಇತ್ತು. ಅನುಮಾನ ಬಂದ ಯಾವ ಡಬ್ಬಿಗಾದರೂ, ಬಾಟಲಿಗಾದರೂ ಕುತ್ತಿಗೆಗೆ ಒಂದು ಬಿಳಿ ಬಟ್ಟೆಯ ಚೂರು ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿದ್ದನ್ನು ಎರಡು ಮೂಗು ಮೂಸಬೇಕು: ಒಂದು ಅವಳದು, ಇನ್ನೊಂದು ಒಯ್ಯುವವರದು. ಇಬ್ಬರೂ ಸರಿ ಎಂದರೆ ಬಟ್ಟೆ ಬಿಚ್ಚುತ್ತಾಳೆ. ಒಬ್ಬರು ಬೇಡ ಎಂದರೂ ಅದು ಹಿತ್ತಲ ಬಾಗಿಲಿನಿಂದ ಕಸಕ್ಕೆ.

ಉಳಿದಿದ್ದ ಒಂದೇ ಒಂದು ದೊಡ್ಡ ಎಣ್ಣೆ ಡಬ್ಬಿಗೆ ಬಟ್ಟೆ ಕಟ್ಟಿತ್ತು.

"ಅಣ್ಣ, ಇದರ ಬಗ್ಗೆ ನಂಗೆ ಯಾಕೋ ಅನುಮಾನ. ಒಂದ್ಸಲ ಕಮಟು ಅನ್ಸುತ್ತೆ, ಒಂದ್ಸಲ ಇಲ್ಲ ಅನ್ಸುತ್ತೆ. ನೀವು ನೋಡಿ. ಬೇಡ ಅಂದ್ರೆ ನಾಳೆ ಹೊಸದು ತರಿಸ್ತೀನಿ."

ನಾಳೆ ತರಿಸಿದ್ದರೂ ಹೊತ್ತು ಸಾಕಾಗುತ್ತಿತ್ತು. ಅದನ್ನು ಹನಿಯಣ್ಣ ಆಮೇಲೆ ನೂರು ಸಲ ಲೆಕ್ಕ ಹಾಕಿದ. ಬುಧವಾರ ಎಣ್ಣೆ, ಗುರುವಾರ ಹಾಲು, ಶುಕ್ರವಾರ ಸೋಸುವುದು. ಖಂಡಿತ ಸಾಕಾಗುತ್ತಿತ್ತು. ಅವನು ಹೇಳಬೇಕಾಗಿದ್ದದ್ದು 'ನನಗೆ ಗೊತ್ತಾಗ್ತಿಲ್ಲ ಅಕ್ಕ' ಎಂಬ ಮಾತು ಮಾತ್ರ. ಅವನು ಮುಚ್ಚಳ ತಿರುಗಿಸಿದ. ಬಗ್ಗಿದ. ಕಣ್ಣು ಮುಚ್ಚಿದ. ಉಸಿರೆಳೆದ. ತಣ್ಣನೆಯ ಗಾಳಿ ಒಳಗೆ ಹೋಗಿ ತಣ್ಣಗೇ ಹೊರಗೆ ಬಂತು.

"ಹೂವಿನ ಹಾಗಿದೆ" ಎಂದ.

ಸ್ಟೋರಕ್ಕನ ಮುಖ ಅರಳಿತು. "ಅಬ್ಬಾ, ನೀವು ಅಂದ ಮೇಲೆ ಮುಗೀತು. ನನ್ನ ಮೂಗಿಗೆ ವಯಸ್ಸಾಯ್ತು ಬಿಡಿ" ಎಂದು ಬಟ್ಟೆ ಬಿಚ್ಚಿ ಮಡಚಿ, ಬಳೆಗಳ ನಡುವೆ ಸಿಕ್ಕಿಸಿಕೊಂಡಳು.

ಮ್ಯಾನೇಜರ್ ಆ ವಾರ ಯಜಮಾನಮ್ಮನನ್ನು ಕರೆತರಲು ಊರು ಬಿಟ್ಟಿದ್ದ. ಓದಲು ಹುಬ್ಬು ಇರಲಿಲ್ಲ. ಶುಕ್ರವಾರ ಸಂಜೆ ಕೊನೆಯ ಹನಿ ಇಳಿದಾಗ ಹನಿಯಣ್ಣ ಜಾಡಿಯನ್ನು ಕಿಟಕಿಗೆ ಹಿಡಿದು ನೋಡಿದ. ಜಾಡಿಯ ಆಚೆ ಬದಿಯ ರಸ್ತೆ, ದೀಪದ ಕಂಬ, ಕಂಬಕ್ಕೆ ಒರಗಿಸಿದ ಸೈಕಲ್ಲು, ಎಲ್ಲವೂ ಚಾಚೂ ತಪ್ಪದೆ ಕಂಡವು. ಇಷ್ಟು ತಿಳಿಯಾದದ್ದನ್ನು ಅವನು ಜನ್ಮದಲ್ಲೇ ಮಾಡಿರಲಿಲ್ಲ. ಬೆರಳದ್ದಿ ನಾಲಿಗೆಗೆ ಇಟ್ಟ. ಸಿಹಿ ಸರಿ, ಹುಳಿ ಸರಿ. ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹಾಲು ಆಗದವರಿಗೆ ಕೊಡಕೂಡದು ಎಂದು ಒಂದು ಚೀಟಿ ಬರೆದು ಜಾಡಿಗೆ ಅಂಟಿಸಿದ. ಆ ವಿಷಯದಲ್ಲಿ ಅವನು ಅಷ್ಟು ಜಾಗರೂಕ.

ಶನಿವಾರ ಸಂಜೆ ಐದಕ್ಕೆ ಹಿಂದಿನ ಅಂಗಳದಲ್ಲಿ ಜನ ಸೇರಿದರು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಸಣ್ಣ ಗ್ಲಾಸು, ಒಳಗೆ ಒಂದೇ ಒಂದು ದೊಡ್ಡ ಐಸು, ಅದೂ ಎಲ್ಲಿದೆ ಎಂದು ಹುಡುಕಬೇಕಾದಷ್ಟು ತಿಳಿ. ಛತ್ರಿ ಇಲ್ಲ, ಹಣ್ಣಿನ ಹೋಳಿಲ್ಲ. ಮೊದಲ ಗ್ಲಾಸನ್ನು ಎಂಬತ್ತರ ಯಜಮಾನಮ್ಮ ಬಿಸಿಲಿಗೆ ಎತ್ತಿ ಹಿಡಿದರು.

"ಇದರಲ್ಲಿ ಏನೂ ಇಲ್ಲವಲ್ಲೋ! ನನ್ನನ್ನ ಮುದುಕಿ ಅಂತ ನೀರು ಕುಡಿಸ್ತಿದ್ದೀರಾ?"

ಎಲ್ಲರೂ ನಕ್ಕರು. ಅವರು ಕುಡಿದರು. ಹನಿಯಣ್ಣ ಅವರ ಹುಬ್ಬನ್ನು ನೋಡಿದ. ಹುಬ್ಬು ಅಲ್ಲಾಡಲಿಲ್ಲ. ಮೂಗಿನ ಹೊಳ್ಳೆ ಅರಳಲಿಲ್ಲ, ಮುಚ್ಚಿಕೊಂಡಿತು. ಬಾಯೊಳಗಿನ ಗುಟುಕನ್ನು ಏನು ಮಾಡಬೇಕೆಂದು ತಿಳಿಯದ ಮಗುವಿನ ಹಾಗೆ ಅವರು ಒಂದು ಗಳಿಗೆ ಕೂತರು. ಆಮೇಲೆ ಕಷ್ಟಪಟ್ಟು ನುಂಗಿ, ಮ್ಯಾನೇಜರನಿಗೆ ಮಾತ್ರ ಕೇಳುವಂತೆ, "ಹಳೇ ತಲೆದಿಂಬಿನ ವಾಸನೆ ಬರ್ತಿದೆಯಪ್ಪ" ಎಂದರು. ಕಟ್ಟೆ ಹತ್ತಿರವೇ ಇತ್ತು. ಹನಿಯಣ್ಣನಿಗೂ ಕೇಳಿಸಿತು.

ಮುಖ ಓದಲು ಕಲಿತವನಿಗೆ ಅವತ್ತು ಅರವತ್ತು ಮುಖ ಓದುವ ಶಿಕ್ಷೆ. ಯಾರೂ ಬೈಯಲಿಲ್ಲ. ಒಬ್ಬರು ಕೆಮ್ಮಿದರು. ಒಬ್ಬರು ಗ್ಲಾಸನ್ನು ಹೂಕುಂಡದ ಹಿಂದೆ ಇಟ್ಟು, ಇಟ್ಟವರು ತಾವಲ್ಲ ಎಂಬಂತೆ ಆಚೆ ಸರಿದರು. ಅರ್ಧ ಗಂಟೆಯಲ್ಲಿ ಕಿಟಕಿಯ ಅಂಚು, ಮೆಟ್ಟಿಲು, ಗೋಡೆಯ ಮೇಲೆ, ಎಲ್ಲೆಲ್ಲೂ ತುಂಬಿದ ಗ್ಲಾಸುಗಳು ಬಿಸಿಲಿಗೆ ಮಿನುಗುತ್ತಾ ಸಾಲಾಗಿ ನಿಂತವು. ನೋಡಲು ಬಹಳ ಚಂದ ಇದ್ದವು. ಹನಿಯಣ್ಣ ಒಂದೊಂದನ್ನೇ ಎತ್ತಿಕೊಂಡು ಬಂದು ಮೋರಿಗೆ ಸುರಿದ.

ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ ವಿಚಾರಿಸಿದ.

"ಎಣ್ಣೆ ಕಮಟಾಗಿತ್ತು. ಕೊಟ್ಟೋರು ಯಾರು?"

"ನಾನೇ ಸಾರ್" ಎಂದಳು ಸ್ಟೋರಕ್ಕ. "ಬಟ್ಟೆ ಕಟ್ಟಿದ ಡಬ್ಬಿ. ಆದ್ರೆ ಅಣ್ಣ ಮೂಸಿ ನೋಡಿದ್ರು. ಚೆನ್ನಾಗಿದೆ ಅಂದ್ರು."

ಎಲ್ಲರೂ ಹನಿಯಣ್ಣನ ಕಡೆ ತಿರುಗಿದರು. ನಿಜ ಹೇಳಬೇಕೆಂದೇ ಅವನು ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದಾಗ ಹೊರಗೆ ಬಂದದ್ದು ಬೇರೆಯೇ.

"ನಾನು ಮೂಸಿದ ಡಬ್ಬಿ ಚೆನ್ನಾಗಿತ್ತು ಸಾರ್."

ಸ್ಟೋರಕ್ಕ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಯೋಚಿಸುತ್ತಿದ್ದಳು.

"ಹಾಗಾದ್ರೆ... ಹಿತ್ತಲಿಗೆ ಹಾಕೋಕೆ ಇಟ್ಟಿದ್ದ ಬೇರೆ ಡಬ್ಬಿನ ನಾನೇ ಕೊಟ್ಟಿರ್ಬೇಕು" ಎಂದಳು ನಿಧಾನವಾಗಿ. "ಅಣ್ಣನ ಮೂಗು ತಪ್ಪಲ್ಲ."

ಮ್ಯಾನೇಜರ್ ಅಪ್ಪಣೆ ಕೊಟ್ಟ. ಇನ್ನು ಮೇಲೆ ಹನಿಯಣ್ಣ ಮೂಸದೆ ಉಗ್ರಾಣದಿಂದ ಒಂದು ಡಬ್ಬಿಯೂ ಹೊರಗೆ ಹೋಗಕೂಡದು.

ಮಾರನೇ ದಿನದಿಂದ ದಿನಾ ಹತ್ತು ಗಂಟೆಗೆ ಕೀಲಿಗೊಂಚಲಿನ ಸದ್ದು ಕಟ್ಟೆಯ ಹತ್ತಿರ ಬರತೊಡಗಿತು. ಸ್ಟೋರಕ್ಕ ದೊಡ್ಡ ತಟ್ಟೆಯಲ್ಲಿ ಬೆಣ್ಣೆ, ಎಣ್ಣೆ, ಕ್ರೀಮು, ಒಣಹಣ್ಣು, ಬೀಜ, ಎಸೆನ್ಸು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ತಂದಿಟ್ಟು ಕೈಕಟ್ಟಿ ನಿಲ್ಲುತ್ತಿದ್ದಳು. ಹನಿಯಣ್ಣ ಒಂದೊಂದಕ್ಕೂ ಬಗ್ಗುತ್ತಿದ್ದ. ಎಲ್ಲವನ್ನೂ ಸರಿ ಎನ್ನಲು ಈಗ ಹೆದರಿಕೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ? ಹಾಗಾಗಿ ಕಣ್ಣಿಗೆ ಕೊಂಚ ಹಳತು ಎನಿಸಿದ್ದನ್ನೆಲ್ಲ ಬೇಡ ಎನ್ನುತ್ತಿದ್ದ. ಒಳ್ಳೆಯ ಬೆಣ್ಣೆ ಹೋಯಿತು, ಒಳ್ಳೆಯ ಗೋಡಂಬಿ ಹೋಯಿತು.

"ಇದೂನಾ ಅಣ್ಣ?" ಎಂದು ಅವಳು ಆ ಬಟ್ಟಲನ್ನು ತನ್ನ ಮೂಗಿಗೆ ಹಿಡಿದು ಮತ್ತೆ ಮತ್ತೆ ಉಸಿರೆಳೆಯುತ್ತಿದ್ದಳು. "ನಂಗೆ ಚೆನ್ನಾಗೇ ಇದೆ ಅನ್ಸುತ್ತಲ್ಲ... ನಂಗೇ ಏನೋ ಆಗಿದೆ."

ಒಂದು ವಾರಕ್ಕೆ ಅವಳು ಬೆಳಿಗ್ಗೆ ಸಂಜೆ ಉಪ್ಪುನೀರು ಏರಿಸಿ ಮೂಗು ತೊಳೆಯಲು ಶುರುಮಾಡಿದಳು. ಎರಡನೇ ವಾರ ಡಾಕ್ಟರ ಹತ್ತಿರ ಹೋದಳು. ಉಗ್ರಾಣದಲ್ಲಿ ಈಗ ಬಿಳಿ ಬಟ್ಟೆ ಕಟ್ಟದ ಡಬ್ಬಿಯೇ ಇರಲಿಲ್ಲ, ಉಪ್ಪಿನ ಡಬ್ಬಿಗೂ ಕಟ್ಟಿತ್ತು. ಹಲಗೆಗಳ ಮೇಲೆ ಗಾಯವಾದವರನ್ನು ಸಾಲಾಗಿ ಕೂರಿಸಿದ ಹಾಗೆ ಕಾಣುತ್ತಿತ್ತು.

ಹನಿಯಣ್ಣ ಮನೆಯಲ್ಲಿ ಊಟ ಬಿಟ್ಟ. ಒಂದು ದಿನ ಹೆಂಡತಿ ಅವನ ಅಂಗಿಗೆ ಗುಂಡಿ ಹಾಕುತ್ತಾ, ಸೂಜಿಯ ಕಡೆ ನೋಡುತ್ತಾ ಅಂದಳು: "ಆ ಸ್ಟೋರಕ್ಕ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ರು. ಸೊಪ್ಪಿನವಳ ಮುಂದೆ ನಿಂತು, ಇದು ತಾಜಾ ಇದ್ಯಾ ನೋಡಿ ಅಂತ ನನ್ನನ್ನ ಕೇಳಿದ್ರು. ಹದಿನಾಲ್ಕು ವರ್ಷ ಉಗ್ರಾಣ ನೋಡ್ಕೊಂಡೋರು." ದಾರ ಕಚ್ಚಿ ತುಂಡರಿಸಿದಳು. ಅಷ್ಟೇ.

ಮೂರನೇ ಶನಿವಾರ ಸ್ಟೋರಕ್ಕ ಹತ್ತು ಗಂಟೆಗೆ ಬಂದಾಗ ಡಬ್ಬಿಗಳ ತಟ್ಟೆ ಇರಲಿಲ್ಲ. ಐದು ಸಣ್ಣ ಬಟ್ಟಲು ಇದ್ದವು. ಐದರಲ್ಲೂ ನೀರಿನಂಥದೇ ತಿಳಿ.

"ಅಣ್ಣ, ಸೋಮವಾರ ಬೀಗದ ಕೈ ಕೊಟ್ಟುಬಿಡ್ತೀನಿ ಅಂತ ಮ್ಯಾನೇಜರಿಗೆ ಹೇಳಿದ್ದೀನಿ. ಬಟ್ಟೆ ಒಗೆಯೋ ಕಡೆ ಹಾಕಿ ಅಂದಿದ್ದೀನಿ. ಅದಕ್ಕೆ ಮುಂಚೆ ಒಂದೇ ಒಂದು ಪರೀಕ್ಷೆ ಮಾಡಿಬಿಡಿ. ಪಾತ್ರೆ ತೊಳೆಯೋಳ ಕೈಲಿ ಇದನ್ನ ಸುರಿಸಿದ್ದೀನಿ. ಯಾವುದು ಏನು ಅಂತ ನಂಗೂ ಗೊತ್ತಿಲ್ಲ. ನಾನು ಕಣ್ಣು ಮುಚ್ಕೊಳ್ತೀನಿ, ನೀವು ಒಂದೊಂದೇ ಹಿಡೀರಿ. ನಾನು ಹೇಳ್ತೀನಿ, ಸರಿನಾ ತಪ್ಪಾ ನೀವು ಹೇಳಿ. ಐದರಲ್ಲಿ ಮೂರು ತಪ್ಪಾದ್ರೆ ನಿಜವಾಗಿ ನನ್ನ ಮೂಗು ಹೋಗಿದೆ ಅಂತ ತಿಳ್ಕೊಳ್ತೀನಿ."

ಅವಳು ಸ್ಟೂಲಿನ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿದಳು. ಹಿಂದೆ ಉಸ್ತಾದನ ಮುಂದೆ ಹನಿಯಣ್ಣ ಕೂತಿದ್ದ ಹಾಗೆಯೇ.

ಹನಿಯಣ್ಣ ಮೊದಲ ಬಟ್ಟಲು ಹಿಡಿದ.

"ವಿನಿಗರ್" ಎಂದಳು ಅವಳು. "ಅಲ್ವಾ?"

ಅವಳ ಕಣ್ಣು ಮುಚ್ಚಿತ್ತು. ಅವನು ಮೆಲ್ಲಗೆ ಬೆರಳದ್ದಿ ನಾಲಿಗೆಗೆ ಇಟ್ಟ. ಹುಳಿ. "ಸರಿ."

ಎರಡನೆಯದು. "ರಮ್ಮು." ಅವನು ಮತ್ತೆ ಬೆರಳದ್ದಿದ. ನಾಲಿಗೆ ಉರಿಯಿತು. "ಸರಿ." ಕಳ್ಳ ಬೆಕ್ಕೂ ಇಷ್ಟು ಮೆಲ್ಲಗೆ ನೆಕ್ಕುವುದಿಲ್ಲ ಎಂದು ಅವನಿಗೇ ಅನಿಸಿತು.

ಮೂರನೆಯದು. ಅವಳು ತುಂಬ ಹೊತ್ತು ಮೂಸಿದಳು. ಹಣೆ ಗಂಟಾಯಿತು.

"ಗುಲಾಬಿ ನೀರು... ಅಲ್ಲ, ಬರೀ ನೀರಾ? ಗುಲಾಬಿ ಅಂತ ಅನ್ಸುತ್ತೆ. ಆದ್ರೆ ನಂಗೆ ಏನೇನೋ ಅನ್ಸುತ್ತೆ ಅಲ್ವಾ ಈಚೆಗೆ. ಹೇಳಿ ಅಣ್ಣ, ಸರಿನಾ?"

ಅವನು ಬೆರಳದ್ದಿ ನಾಲಿಗೆಗೆ ಇಟ್ಟ. ಏನೂ ಇಲ್ಲ. ಇನ್ನೊಮ್ಮೆ ಇಟ್ಟ. ಏನೂ ಇಲ್ಲ. ಗುಲಾಬಿ ನೀರಾದರೂ ಅವನಿಗೆ ನೀರೇ, ನೀರಾದರೂ ನೀರೇ. ಸುಮ್ಮನೆ ಸರಿ ಎಂದುಬಿಟ್ಟು, ಅದು ತಪ್ಪಾಗಿದ್ದರೆ? ತಪ್ಪು ಎಂದುಬಿಟ್ಟು, ಅದು ಸರಿಯಾಗಿದ್ದರೆ? ಅವಳು ಕಣ್ಣು ತೆರೆಯದೆ ಕಾಯುತ್ತಿದ್ದಳು. ಉಪ್ಪುನೀರಿನಿಂದ ಅವಳ ಮೂಗಿನ ಅಂಚು ಕೆಂಪಾಗಿ ಸಿಪ್ಪೆ ಎದ್ದಿತ್ತು. ಅದನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನನಗೆ ಗೊತ್ತಿಲ್ಲ ಅಕ್ಕ."

"ಹಾಂ?"

"ಅದು ಗುಲಾಬಿ ನೀರೋ ಬರೀ ನೀರೋ ನನಗೆ ಗೊತ್ತಿಲ್ಲ. ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ."

ಅವಳು ಕಣ್ಣು ತೆರೆದಳು. ಮೊದಲು ಬಟ್ಟಲನ್ನು, ಆಮೇಲೆ ಅವನ ಒದ್ದೆ ಬೆರಳನ್ನು, ಆಮೇಲೆ ಅವನನ್ನು ನೋಡಿದಳು.

"ಆ ಎಣ್ಣೆ?"

"ಏನೂ ಬರ್ತಿರ್ಲಿಲ್ಲ."

"ಹೂವಿನ ಹಾಗಿದೆ ಅಂದ್ರಿ."

"ಅಂದೆ."

"ಎಲ್ಲರ ಮುಂದೆ, ನಾನು ಬೇರೆ ಡಬ್ಬಿ ಕೊಟ್ಟೆ ಅನ್ನೋ ಹಾಗೆ ಮಾತಾಡಿದ್ರಿ."

"ಮಾತಾಡಿದೆ."

"ಬೆಣ್ಣೆ? ಗೋಡಂಬಿ?"

ಅವನು ತಲೆ ತಗ್ಗಿಸಿದ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಕೂಗಲಿಲ್ಲ. ಮೂರನೇ ಬಟ್ಟಲನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಮೂಸಿದಳು. "ಗುಲಾಬಿ ನೀರೇ" ಎಂದಳು ತನಗೆ ತಾನೇ. ಆಮೇಲೆ ಬಟ್ಟಲನ್ನು ಕೆಳಗಿಟ್ಟಳು.

"ಎರಡು ವಾರ ಉಪ್ಪುನೀರು ಹಾಕಿ ಮೂಗು ಸುಟ್ಕೊಂಡಿದ್ದೀನಿ. ಮನೇಲಿ ಮಾಡಿದ ಅನ್ನ ಹಳಸಿದ್ಯೇನೋ ಅಂತ ಮಗಳಿಗೆ ಮೂಸಿಸಿ ಉಣ್ತಿದ್ದೀನಿ. ಮೂಗು ಹೋದದ್ದು ನಿಮ್ದು, ತಲೆ ಕೆಟ್ಟದ್ದು ನಂದು."

"ಅಕ್ಕ, ತಪ್ಪಾಯ್ತು..."

"ಇಲ್ಲಿ, ಕಟ್ಟೆ ಹಿಂದೆ, ಯಾರೂ ಇಲ್ಲದ ಕಡೆ ಹೇಳಿದ್ರೆ ಅದು ತಪ್ಪೊಪ್ಪಿಕೊಂಡ ಹಾಗಲ್ಲ. ನನ್ನನ್ನ ಎಲ್ಲರ ಮುಂದೆ ನಿಲ್ಲಿಸಿದ್ರು. ನೀವೂ ಅಲ್ಲೇ ನಿಂತು ಹೇಳಿ."

ಬಾರಿನ ಕಟ್ಟೆಯಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ. ಇಪ್ಪತ್ತೆರಡು ವರ್ಷದಲ್ಲಿ ಆ ದಾರಿ ಅವನಿಗೆ ಅಷ್ಟು ಉದ್ದ ಎನಿಸಿದ್ದು ಅವತ್ತೇ. ಮ್ಯಾನೇಜರ್ ಮೀನಿನವನ ಜೊತೆ ಮಾತಾಡುತ್ತಿದ್ದ. ಹನಿಯಣ್ಣ ತರಕಾರಿ ಹೆಚ್ಚುವ ಹಲಗೆಯ ಪಕ್ಕ ನಿಂತು, ಕೈ ಹಿಂದೆ ಕಟ್ಟಿಕೊಂಡು, ಪಾಠ ಒಪ್ಪಿಸುವವನ ಹಾಗೆ ಎಲ್ಲವನ್ನೂ ಹೇಳಿದ. ಜ್ವರ, ಹುಬ್ಬು, ಡಬ್ಬಿ, ಸುಳ್ಳು. ಮೊದಲ ಸುಳ್ಳನ್ನು ಒಪ್ಪಿಕೊಂಡು ನಿಲ್ಲಿಸಲಿಲ್ಲ, ಎರಡನೆಯದನ್ನೂ ಒಪ್ಪಿಕೊಂಡ.

ಮೊದಲು ಮಾತಾಡಿದವನು ಅಡುಗೆಭಟ್ಟ. "ಹಾಗಾದ್ರೆ ಮೂರು ವಾರದಿಂದ ನನ್ನ ಬೆಣ್ಣೆ ಎಲ್ಲ ಹಿತ್ತಲಿಗೆ ಕಳಿಸಿದ್ದು ಯಾವ ಮೂಗು ಸ್ವಾಮಿ? ಬಾಗಿಲ ಚಿಲಕವೂ ಇದಕ್ಕಿಂತ ಚೆನ್ನಾಗಿ ಮೂಸುತ್ತೆ!"

ಎಲ್ಲರೂ ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಗು ಎಲ್ಲೋ ಒಳಗೆ ಹೋಗಿ ಚುಚ್ಚಿತು. ನಗದೆ ಇದ್ದವರು ಇಬ್ಬರೇ, ಮ್ಯಾನೇಜರ್ ಮತ್ತು ಸ್ಟೋರಕ್ಕ.

ಮ್ಯಾನೇಜರ್ ಮೀನಿನವನನ್ನು ಕಳಿಸಿ, "ಯಜಮಾನಮ್ಮನಿಗೆ ನೀವೇ ಕಾಗದ ಬರೆಯಿರಿ" ಎಂದ. ಆಮೇಲೆ ಅಪ್ಪಣೆ ತಿರುಗಿಸಿದ. ಇನ್ನು ಮೇಲೆ ಬಾರಿನಿಂದ ಹೊರಡುವ ಹೊಸ ಜಾಡಿ ಯಾವುದಿದ್ದರೂ ಸ್ಟೋರಕ್ಕ ಮೂಸದೆ ಹೋಗಕೂಡದು. ಬೀಗದ ಕೈ ಅವಳ ಹತ್ತಿರವೇ ಇರಲಿ.

ಹನಿಯಣ್ಣ ಕಾಗದ ಬರೆದ. ನಾಲ್ಕು ಸಲ ಹರಿದು ಐದನೇ ಸಲ ಬರೆದ. ಹೆಂಡತಿ ಓದಿ, ಒಂದು ಕಡೆ ಬೆರಳಿಟ್ಟು, "ಇಲ್ಲಿ 'ಜ್ವರದಿಂದ ತಪ್ಪಾಯಿತು' ಅಂತ ಬರೆದಿದ್ದೀರಿ. ಜ್ವರ ಮೂಗು ತಗೊಂಡು ಹೋಯ್ತು ಅಷ್ಟೇ. ತಪ್ಪು ಮಾಡಿದ್ದು ಜ್ವರ ಅಲ್ಲ" ಎಂದಳು. ಆರನೇ ಸಲ ಬರೆದ. ಹದಿನೈದು ದಿನಕ್ಕೆ ಯಜಮಾನಮ್ಮನಿಂದ ಎರಡು ಸಾಲು ಬಂತು. 'ಬಣ್ಣ ಬಹಳ ಚೆನ್ನಾಗಿತ್ತು. ನಾನು ಇನ್ನೂ ಬದುಕಿದ್ದೀನಿ, ಇನ್ನೊಂದು ಸಲ ಮಾಡು.'

ಮಾಡಿದ. ಹೊಸ ಎಣ್ಣೆ, ಹೊಸ ಹಣ್ಣು. ಹಂತ ಹಂತಕ್ಕೂ ಉಗ್ರಾಣದ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು. ಸ್ಟೋರಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ.

"ಏನು?"

"ಈ ಎಣ್ಣೆ ಒಂದ್ಸಲ ನೋಡ್ಬೇಕಿತ್ತು ಅಕ್ಕ."

"ಯಾಕೆ, ನೀವೇ ನೋಡಿ."

"ನನಗೆ ವಾಸನೆ ಬರಲ್ಲ."

"ಕೇಳಿಸ್ಲಿಲ್ಲ."

ಹಿಂದೆ ತರಕಾರಿ ಹೆಚ್ಚುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಅವನ ಕಿವಿ ಕಾದ ಹೆಂಚಿನಂತಾಗುತ್ತಿತ್ತು. "ನನಗೆ ವಾಸನೆ ಬರಲ್ಲ ಅಕ್ಕ. ನೀವು ನೋಡಿ ಹೇಳಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಆಗ ಅವಳು ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, ಡಬ್ಬಿಯನ್ನು ತೆಗೆದುಕೊಳ್ಳುತ್ತಿದ್ದಳು. ಎಣ್ಣೆಗೆ ಒಂದು ಸಲ, ರಮ್ಮು ಬಸಿದಾಗ ಒಂದು ಸಲ, ರಸಕ್ಕೆ ಒಂದು ಸಲ. ಹೇಳಿ ಹೇಳಿ ಮಾತು ಸಲೀಸಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ಕೊನೆಗೆ ಸೋಸಿದ ಜಾಡಿಯನ್ನು ಒಯ್ದ ದಿನ ಅವಳು ಅದನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಉಸಿರೆಳೆದಳು. ಅವನು ಅವಳ ಹುಬ್ಬನ್ನು ನೋಡಹೋಗಿ, ಹಳೆಯ ಚಾಳಿ ಎಂದು ನೆನಪಾಗಿ, ನೆಲ ನೋಡಿದ.

"ಅನಾನಸ್ ಮೊದಲು ಬರುತ್ತೆ" ಎಂದಳು. "ಅದು ಹೋದ ಮೇಲೆ ತೆಂಗು. ಹಸಿ ತೆಂಗಿನಕಾಯಿ ಒಡೆದಾಗ ಬರುತ್ತಲ್ಲ, ಆ ಥರ. ಚೆನ್ನಾಗಿದೆ."

ಅವನು ಕೇಳಿರಲಿಲ್ಲ. ಆದರೂ ಹೇಳಿದಳು. ಅವನು ಜಾಡಿಗೆ ಕೈ ಚಾಚಿದ.

"ಸ್ವಲ್ಪ ಇರಿ." ಅವಳು ಬಳೆಯ ನಡುವಿನಿಂದ ಬಿಳಿ ಬಟ್ಟೆಯ ಚೂರು ಎಳೆದು ಜಾಡಿಯ ಕುತ್ತಿಗೆಗೆ ಕಟ್ಟಿದಳು. "ಇದು ಜಾಡಿಗಲ್ಲ. ಒಯ್ಯೋರ ಮೇಲಿನ ಅನುಮಾನಕ್ಕೆ. ಎರಡನೇ ಮೂಗು ಮ್ಯಾನೇಜರಿಂದು. ಅವರು ಸರಿ ಅಂದ ಮೇಲೆ ಬಿಚ್ಚಿಸಿ. ತಗೊಂಡು ಹೋಗಿ, ಬಾರಿನವರೇ."

ಅಣ್ಣ ಎನ್ನಲಿಲ್ಲ. ಐದು ಬಟ್ಟಲಿನ ಆ ಶನಿವಾರದಿಂದ ಅವಳು ಅಣ್ಣ ಎಂದಿರಲಿಲ್ಲ.

ಹನಿಯಣ್ಣ ಬಟ್ಟೆ ಕಟ್ಟಿದ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತರಕಾರಿ ಹೆಚ್ಚುವವರ ಮುಂದೆ, ಅಡುಗೆಭಟ್ಟನ ಮುಂದೆ, ಎಲ್ಲರಿಗೂ ಬಟ್ಟೆ ಕಾಣುವ ಹಾಗೆ ನಡೆದು ಮ್ಯಾನೇಜರನ ಕೋಣೆಯ ಬಾಗಿಲು ತಟ್ಟಿದ.